ಎದೆಯುರಿಯೋ, ಹೃದಯಾಘಾತವೋ? ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ

ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ, ಪಕ್ಕದ ಮನೆಯಲ್ಲಿ ಕನ್ನಡದಲ್ಲಿ. ಆದರೆ ಎದೆಯಲ್ಲಿ ಏನೇ ನೋವು ಬಂದರೂ ಎರಡೂ ಮನೆಯಲ್ಲಿ ಹೇಳುವ ಪದ ಒಂದೇ: ಗ್ಯಾಸ್. ಜೀರಿಗೆ ನೀರು, ಸೋಡಾ, ಈನೋ, ಇಲ್ಲವೇ ಮೆಡಿಕಲ್ ಅಂಗಡಿಯ ಒಂದು ಮಾತ್ರೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ಎರಡು ವರ್ಷದ ಹಿಂದೆ ನನ್ನ ಮಾಮೂ ಕೂಡ ಹಾಗೇ ಅಂದುಕೊಂಡರು. ಅವರು ಬಡಗಿ. ವಯಸ್ಸು 48, ಸಕ್ಕರೆ ಕಾಯಿಲೆ ಇತ್ತು. ಒಂದು ಸಂಜೆ ಏಳು ಗಂಟೆಗೆ ಪ್ಲೈವುಡ್ ಹಲಗೆಗಳನ್ನು ಎರಡನೇ ಮಹಡಿಗೆ ಹೊತ್ತು ಹಾಕಿ ಕೆಳಗಿಳಿದಾಗ ಎದೆಯ ಮೇಲೆ ಯಾರೋ ಕುಳಿತ ಹಾಗೆ ಭಾರವಾಯಿತು, ಮೈಯೆಲ್ಲ ಬೆವರಿತು. ಮಧ್ಯಾಹ್ನ ಮದುವೆಮನೆಯಲ್ಲಿ ಬಿರಿಯಾನಿ ತಿಂದಿದ್ದರಿಂದ ಗ್ಯಾಸ್ ಎಂದು ಸೋಡಾ ಕುಡಿದರು. ತೇಗು ಬಂತು, ಸ್ವಲ್ಪ ಹಗುರವೂ ಆಯಿತು, ಮಲಗಿದರು. ಫಜರ್ ಹೊತ್ತಿಗೆ ಉಸಿರಾಡಲು ಆಗದೆ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೃದಯಾಘಾತವಾಗಿ ಹತ್ತು ಗಂಟೆ ಕಳೆದಿತ್ತು. ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಉಳಿಯಲಿಲ್ಲ. ಈಗ ಅವರು ಒಂದು ಮಹಡಿ ಹತ್ತಿದರೂ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ನನಗಿಂತ ಒಂದು ವರ್ಷ ದೊಡ್ಡವನಾದ ಅವರ ಮಗ ಓದು ಬಿಟ್ಟು ಉಳಿ, ಗರಗಸ ಹಿಡಿದಿದ್ದಾನೆ.

ಈ ರಂಜಾನಿನಲ್ಲಿ ಅಬ್ಬಾನ ಸರದಿ. ಇಫ್ತಾರಿಗೆ ಸಮೋಸ, ಮೆಣಸಿನಕಾಯಿ ಬಜ್ಜಿ, ಆಮೇಲೆ ಊಟ. ಮಲಗಿದ ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡು ಎದ್ದು ಕುಳಿತರು. "ಕುಚ್ ನೈ, ಗ್ಯಾಸ್ ಹೈ" ಅಂದರು. ಅಮ್ಮಿ ನನ್ನ ಮುಖ ನೋಡಿದರು, ನಾನು ಅಮ್ಮಿಯ ಮುಖ ನೋಡಿದೆ. ಇಬ್ಬರಿಗೂ ಮಾಮೂ ನೆನಪಾಗಿದ್ದರು. ಅಬ್ಬಾ ಬೈಯುತ್ತಲೇ ಇದ್ದರು, ನಾವು ಆಟೋ ಹತ್ತಿಸಿದೆವು. ಎರಡು ಸಲ ಇಸಿಜಿ, ಒಂದು ರಕ್ತ ಪರೀಕ್ಷೆ, ಕೆಲವು ಗಂಟೆ ಕಾಯುವಿಕೆ. ಕೊನೆಗೆ ಅದು ನಿಜಕ್ಕೂ ಆಸಿಡ್ ಎಂದಾಯಿತು. ಅಂದು ಡ್ಯೂಟಿಯಲ್ಲಿದ್ದ ಡಾಕ್ಟರ್ ನನಗೆ ತಾಳ್ಮೆಯಿಂದ ವಿವರಿಸಿದರು. ನಾನು ಕಾಮರ್ಸ್ ವಿದ್ಯಾರ್ಥಿನಿ, ಜೀವಶಾಸ್ತ್ರ ಹತ್ತನೇ ತರಗತಿಗೇ ಮುಗಿದಿದೆ. ನನಗೆ ಅರ್ಥವಾಗಿದ್ದು ಎಲ್ಲರಿಗೂ ಅರ್ಥವಾಗುತ್ತದೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಎರಡೂ ಒಂದೇ ರೀತಿ ಕಾಣುವುದು ಏಕೆ?

ಬಾಯಿಯಿಂದ ಹೊಟ್ಟೆಗೆ ಹೋಗುವ ಅನ್ನನಾಳ ಹೃದಯದ ಹಿಂದೆಯೇ ಹಾದುಹೋಗುತ್ತದೆ. ಅದರ ಕೆಳತುದಿಯಲ್ಲಿ ಬಾಗಿಲಿನಂತಿರುವ ಒಂದು ಸ್ನಾಯು ಇದೆ. ಅದು ಸಡಿಲವಾದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ಸುಡುತ್ತದೆ. ಇದೇ ಎದೆಯುರಿ. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅಡಚಣೆಯಾಗುತ್ತದೆ, ರಕ್ತ ಸಿಗದ ಸ್ನಾಯು ಸಾಯತೊಡಗುತ್ತದೆ. ಎರಡು ಅಂಗಗಳ ನೋವಿನ ಸುದ್ದಿಯೂ ಹೆಚ್ಚುಕಡಿಮೆ ಒಂದೇ ನರಗಳ ದಾರಿಯಲ್ಲಿ ಮಿದುಳಿಗೆ ಹೋಗುತ್ತದೆ. ಹಾಗಾಗಿ ನೋವು ಯಾವ ಮನೆಯಿಂದ ಬಂತು ಎಂದು ಮಿದುಳಿಗೇ ಗೊಂದಲ.

ವ್ಯತ್ಯಾಸವೇನು?

ನಮ್ಮ ಲೆಡ್ಜರ್‌ನಂತೆ ಎರಡು ಬದಿ ಮಾಡಿಕೊಳ್ಳೋಣ.

ಎದೆಯುರಿಯ ಬದಿ: ಉರಿಯುವಂತಹ ನೋವು, ಹೊಟ್ಟೆಯ ಮೇಲ್ಭಾಗದಿಂದ ಗಂಟಲಿನ ಕಡೆಗೆ ಏರುತ್ತದೆ. ಊಟದ ನಂತರ, ಮಲಗಿದಾಗ ಅಥವಾ ಬಗ್ಗಿದಾಗ ಹೆಚ್ಚಾಗುತ್ತದೆ. ಹುಳಿತೇಗು, ಬಾಯಿಗೆ ಹುಳಿ ನೀರು ಬರುತ್ತದೆ. ಎದ್ದು ಕುಳಿತರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಹೃದಯಾಘಾತದ ಬದಿ: ಭಾರ, ಬಿಗಿತ, ಹಿಂಡಿದಂತಹ ನೋವು. ತೋಳು, ಭುಜ, ಕುತ್ತಿಗೆ, ದವಡೆ ಅಥವಾ ಬೆನ್ನಿಗೆ ಹರಡಬಹುದು. ತಣ್ಣನೆಯ ಬೆವರು, ಉಸಿರಾಟದ ತೊಂದರೆ, ತಲೆಸುತ್ತು, ವಾಕರಿಕೆ ಜೊತೆಗಿರಬಹುದು. ಕೆಲವು ನಿಮಿಷ ಕಳೆದರೂ ಹೋಗುವುದಿಲ್ಲ, ಇಲ್ಲವೇ ಹೋಗಿ ಮತ್ತೆ ಬರುತ್ತದೆ.

ಆದರೆ ಈ ಲೆಡ್ಜರ್ ಯಾವಾಗಲೂ ತಾಳೆಯಾಗುವುದಿಲ್ಲ. ಇದೇ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೃದಯಾಘಾತವೂ ಉರಿಯಂತೆ ಅನ್ನಿಸಬಹುದು. ಮಹಿಳೆಯರು, ವಯಸ್ಸಾದವರು ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಸ್ಪಷ್ಟವಾಗಿ ಇಲ್ಲದೆ ಬರೀ ಸುಸ್ತು, ವಾಕರಿಕೆ, ಏದುಸಿರು ಕಾಣಿಸಬಹುದು. ಈನೋ ಕುಡಿದಾಗ ಹಗುರವಾದರೆ ಅದು ಗ್ಯಾಸ್ ಎಂಬುದಕ್ಕೆ ಸಾಕ್ಷಿಯಲ್ಲ. ಮಾಮೂಗೂ ಹಗುರವಾಗಿತ್ತು. ಮೊದಲ ಇಸಿಜಿ ಸರಿಯಿದ್ದರೂ ಡಾಕ್ಟರ್ ಮತ್ತೊಮ್ಮೆ ತೆಗೆಯುತ್ತಾರೆ, ರಕ್ತದಲ್ಲಿ ಟ್ರೊಪೋನಿನ್ ಎಂಬ ಅಂಶವನ್ನು ನೋಡುತ್ತಾರೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅದು ರಕ್ತದಲ್ಲಿ ಹೆಚ್ಚುತ್ತದೆ. ಡಾಕ್ಟರಿಗೇ ಇಷ್ಟೆಲ್ಲ ಪರೀಕ್ಷೆ ಬೇಕಾಗಿರುವಾಗ, ನಾವು ಮಂಚದ ಪಕ್ಕ ನಿಂತು ಹೇಗೆ ತೀರ್ಪು ಕೊಡುವುದು?

ಏನು ಮಾಡಬೇಕು?

ಅನುಮಾನ ಬಂದ ಕೂಡಲೇ 108ಕ್ಕೆ ಕರೆ ಮಾಡಿ. ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ಆರಾಮಾಗಿ ಕೂರಿಸಿ. ಅವರೇ ಬೈಕ್ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಆಸ್ಪಿರಿನ್ ಕೊಡುವುದಿದ್ದರೆ ಫೋನಿನಲ್ಲಾದರೂ ವೈದ್ಯರನ್ನು ಕೇಳಿಯೇ ಕೊಡಿ, ಅದು ಕೆಲವರಿಗೆ ಆಗುವುದಿಲ್ಲ. ಇಸಿಜಿ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ತಿಳಿದುಕೊಂಡಿರಿ.

ದೊಡ್ಡ ಊರಿಗೇ ಹೋಗಬೇಕೆಂದು ಸಮಯ ಕಳೆಯಬೇಡಿ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂತಹ ಹೃದ್ರೋಗ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುತ್ತಾರೆ. ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕಷ್ಟು ಅದರ ಪ್ರಯೋಜನ ಹೆಚ್ಚು.

ಆ ರಾತ್ರಿ ಮನೆಗೆ ಬರುವಾಗ ಅಬ್ಬಾ ಆಟೋದಲ್ಲಿ ಲೆಕ್ಕ ಹಾಕಿದರು. ಎಲ್ಲ ಸೇರಿ 1,140 ರೂಪಾಯಿ. "ಗ್ಯಾಸಿಗೆ ಇಷ್ಟು ದುಡ್ಡು!" ಎಂದು ಇಂದಿಗೂ ಗೊಣಗುತ್ತಾರೆ. ನಾನು ಉತ್ತರ ಕೊಡುವುದಿಲ್ಲ. ಮಾಮೂ ಅಂದು ಉಳಿಸಿದ್ದೂ ಹೆಚ್ಚುಕಡಿಮೆ ಇಷ್ಟೇ ದುಡ್ಡು. ಅದರ ನಷ್ಟವನ್ನು ಅವರ ಮಗ ಪ್ರತಿದಿನ ತುಂಬುತ್ತಿದ್ದಾನೆ.

ಸ್ನೇಹಿತರೇ, ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರಿಗೆ ಇಷ್ಟು ಹೇಳಿ: ಗ್ಯಾಸ್ ಎಂದು ಹೇಳಬೇಕಾದವರು ಡಾಕ್ಟರ್, ಅದೂ ಇಸಿಜಿ ನೋಡಿದ ಮೇಲೆ.