ಮೂರನೆಯ ಸುತ್ತು

2010ರ ಅಕ್ಟೋಬರ್ 12ರಂದು ದೆಹಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕೂಟದ ಮಹಿಳೆಯರ 4×400 ಮೀಟರ್ ರಿಲೇ ಓಟವನ್ನು ನಾವು ಮರೆತಿಲ್ಲ. ಮಂಜಿತ್ ಕೌರ್, ಸಿನಿ ಜೋಸ್ ಓಡಿದ ತರುವಾಯ ಕೋಲು ಉಡುಪಿ ಜಿಲ್ಲೆಯ ಸಿದ್ದಾಪುರದ ಕೃಷಿಕ ಮನೆತನದ ಅಶ್ವಿನಿ ಅಕ್ಕುಂಜಿಯವರ ಕೈಗೆ ಬಂದಿತು. ನೈಜೀರಿಯಾದ ಓಟಗಾರ್ತಿಯನ್ನು ಹಿಂದಿಕ್ಕಿ ಅವರು ಅದನ್ನು ಮನದೀಪ್ ಕೌರ್‌ಗೆ ಒಪ್ಪಿಸಿದರು. 3 ನಿಮಿಷ 27.77 ಸೆಕೆಂಡು, ಚಿನ್ನ! 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಆ ಕೂಟದ ಓಟಗಳಲ್ಲಿ ಭಾರತಕ್ಕೆ ದೊರೆತ ಮೊದಲ ಚಿನ್ನವದು.

2011ರಲ್ಲಿ ಉದ್ದೀಪನ ಮದ್ದಿನ ಪರೀಕ್ಷೆ ಅವರನ್ನು ನಿಷೇಧಕ್ಕೆ ಗುರಿಮಾಡಿತು. ತಿಳಿಯದೆ ಸೇವಿಸಿದರೂ ಹೊಣೆ ಓಡುವವರದೇ ಎಂಬ ನಿಯಮ ಕಠೋರವಾದರೂ ಸರಿಯೆಂದೇ ನಮ್ಮ ಎಣಿಕೆ. ಎಂ.ಸಿ.ಸಿ. ಬಡಾವಣೆಯ ತಾಯಂದಿರು ಮಕ್ಕಳಿಗೆ ಕೊಡುವ ಪುಷ್ಟಿಪುಡಿಯ ಡಬ್ಬಿಯ ಬರಹವನ್ನೊಮ್ಮೆ ಓದಿ ನೋಡಬೇಕು. ಎರಡು ವರ್ಷಗಳ ನಿಷೇಧ ಮುಗಿಸಿ ಅಶ್ವಿನಿ ಮತ್ತೆ ಓಡಿದರು. ದೆಹಲಿಯ ಚಿನ್ನ ಉಳಿಯಿತು.