ಡಬ್ಬಿಯ ಮೇಲೆ ಬರೆಯದ ಸಂಖ್ಯೆ

ಕ್ಯಾಮೆರಾ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಎರಡು ಸಂಖ್ಯೆ ಇರುತ್ತವೆ: ಎಷ್ಟು ಮೆಗಾಪಿಕ್ಸೆಲ್, ಎಷ್ಟು ಎಕ್ಸ್ ಜೂಮ್. ಬಸವಾಪಟ್ಟಣದ ಹುಡುಗನೊಬ್ಬ ಅಡಿಕೆ ದುಡ್ಡು ಕೈಸೇರಿದ ಮೇಲೆ ಮೊದಲ ಕ್ಯಾಮೆರಾ ಕೊಳ್ಳಲು ದಾವಣಗೆರೆಗೆ ಹೊರಟರೆ ಅಂಗಡಿಯಲ್ಲಿ ಕೇಳುವುದು ಇವೆರಡನ್ನೇ. "ಅಣ್ಣಾ, ಇದು ಎಷ್ಟು ದೂರ ಎಳೀತದೆ?" ಅಂಗಡಿಯವರೂ ಇವೆರಡನ್ನೇ ಹೇಳಿ ಬಿಲ್ ಹರಿಯುತ್ತಾರೆ. ಚಿತ್ರದ ಹಣೆಬರಹ ಬರೆಯುವ ಮೂರನೆಯ ಸಂಖ್ಯೆಯೊಂದಿದೆ. ಅದನ್ನು ಡಬ್ಬಿಯ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ. ಲೆನ್ಸಿನ ಬಾಯಿಯ ಸುತ್ತ ಇರುವ ಸಣ್ಣಕ್ಷರ ಓದಿ, ಒಂದು ಭಾಗಾಕಾರ ಮಾಡಿ, ನಾವೇ ತೆಗೆದುಕೊಳ್ಳಬೇಕು.

ಲೆನ್ಸಿನ ಮೇಲೆ "50 ಮಿ.ಮೀ. 1:1.8" ಎಂದು ಇದ್ದರೆ 50ನ್ನು 1.8ರಿಂದ ಭಾಗಿಸಿ. ಸುಮಾರು 28 ಬರುತ್ತದೆ. ಆ ಲೆನ್ಸಿನಲ್ಲಿ ಬೆಳಕು ಒಳಗೆ ಬರುವ ಕಿಂಡಿಯ ಅಗಲ 28 ಮಿಲಿಮೀಟರ್ ಎಂದರ್ಥ. ಕ್ಯಾಮೆರಾ ಜೊತೆಗೇ ಕೊಡುವ 18-55 ಕಿಟ್ ಲೆನ್ಸನ್ನು 50 ಮಿ.ಮೀ. ಹತ್ತಿರ ಇಟ್ಟರೆ ಅದರ ಎಫ್ ಸಂಖ್ಯೆ (ಮೇಲಿನ 1.8ರ ಜಾಗದಲ್ಲಿ ಬರುವ ಸಂಖ್ಯೆ) 5.6ರ ಆಸುಪಾಸು, ಕಿಂಡಿ 9 ಮಿ.ಮೀ. ಅಗಲ ಮೂರು ಪಟ್ಟು, ಕಿಂಡಿಯ ವಿಸ್ತೀರ್ಣ ಹತ್ತು ಪಟ್ಟಿಗೆ ಹತ್ತಿರ. ಅದೇ ಮದುವೆ ಮನೆ, ಅದೇ ದೀಪ, ಅದೇ ಕ್ಯಾಮೆರಾ. ಒಂದು ಲೆನ್ಸು ಇನ್ನೊಂದಕ್ಕಿಂತ ಹತ್ತು ಪಟ್ಟು ಬೆಳಕು ಹಿಡಿಯುತ್ತದೆ. ತಮಾಷೆಯೆಂದರೆ, ಬಹುತೇಕ ಕಂಪನಿಗಳು ಮಾರುವ ಅತಿ ಅಗ್ಗದ ಲೆನ್ಸುಗಳಲ್ಲಿ ಈ 50 ಮಿ.ಮೀ. ಲೆನ್ಸೂ ಒಂದು.

ಬೆಳಕು ಎಷ್ಟು ಬಂತು ಎನ್ನುವುದು ಯಾಕೆ ಇಷ್ಟು ಮುಖ್ಯ? ಬೆಳಕು ಫೋಟಾನ್ ಎಂಬ ಬಿಡಿಬಿಡಿ ಕಣಗಳಾಗಿ ಬರುತ್ತದೆ. ಸೆನ್ಸರಿನ ಸಿಲಿಕಾನ್‌ಗೆ ಬಡಿದ ಫೋಟಾನ್ ಒಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಪ್ರತಿ ಪಿಕ್ಸೆಲ್‌ನಲ್ಲಿ ಕೂಡಿದ ಎಲೆಕ್ಟ್ರಾನುಗಳನ್ನು ಎಣಿಸುವುದೇ ಡಿಜಿಟಲ್ ಕ್ಯಾಮೆರಾದ ಕೆಲಸ. ಆದರೆ ಫೋಟಾನುಗಳು ಲೆಕ್ಕ ಹಿಡಿದು ಬರುವುದಿಲ್ಲ. ಸರಾಸರಿ 100 ಬರಬೇಕಾದ ಕಡೆ ಒಮ್ಮೆ 92, ಒಮ್ಮೆ 109 ಬರುತ್ತವೆ. ಈ ಏರುಪೇರು ಎಷ್ಟು ಎನ್ನುವುದು ಸಂಖ್ಯೆಯ ವರ್ಗಮೂಲದಷ್ಟು. 100 ಫೋಟಾನಿಗೆ 10, ಎಂದರೆ ನೂರಕ್ಕೆ ಹತ್ತು. 10,000 ಫೋಟಾನಿಗೆ 100, ಎಂದರೆ ನೂರಕ್ಕೆ ಒಂದು. ಸಂಜೆಯ ಚಿತ್ರದಲ್ಲಿ ರವೆ ಉದುರಿಸಿದ ಹಾಗೆ ಕಾಣುವ ನಾಯ್ಸ್ ಬಹುಪಾಲು ಇದೇ. ಐಎಸ್ಒ ಏರಿಸಿದ್ದರಿಂದ ನಾಯ್ಸ್ ಬಂತು ಎಂದು ಎಲ್ಲರೂ ದೂರುತ್ತಾರೆ. ಐಎಸ್ಒ ಪಾಪದ್ದು, ಬಂದಷ್ಟು ಬೆಳಕನ್ನು ದೊಡ್ಡದು ಮಾಡಿ ತೋರಿಸುತ್ತದೆ ಅಷ್ಟೆ. ಬೆಳಕೇ ಕಮ್ಮಿ ಬಂದಿತ್ತು.

ಮೆಗಾಪಿಕ್ಸೆಲ್ ವಿಚಾರ ಬೇಗ ಮುಗಿಸಬಹುದು. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಸಿಸಿಡಿಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. 2009ರಲ್ಲಿ ಅದಕ್ಕೆ ನೊಬೆಲ್ ಬಂತು. 1975ರಲ್ಲಿ ಕೊಡಾಕ್ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು 10,000 ಪಿಕ್ಸೆಲ್. ತೂಕ 3.6 ಕಿಲೊ, ಒಂದು ಚಿತ್ರ ಕ್ಯಾಸೆಟ್ ಟೇಪಿನ ಮೇಲೆ ಕೂರಲು 23 ಸೆಕೆಂಡು. ಆಗ ಪಿಕ್ಸೆಲ್ ಎಣಿಸುವುದರಲ್ಲಿ ಅರ್ಥವಿತ್ತು. ಈಗ ಎ4 ಹಾಳೆಗೆ ಒಳ್ಳೆಯ ಮುದ್ರಣ ತೆಗೆಯಲು 90 ಲಕ್ಷ ಪಿಕ್ಸೆಲ್ ಸಾಕು, ಸಾಮಾನ್ಯ ಫೋನಿನಲ್ಲೂ ಅದಕ್ಕಿಂತ ಹೆಚ್ಚಿವೆ. ಅದೂ ಅಲ್ಲದೆ ಒಂದು ಪಿಕ್ಸೆಲ್ ಒಂದೇ ಬಣ್ಣ ನೋಡುತ್ತದೆ. ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯಲ್ಲಿ ಅರ್ಧ ಪಿಕ್ಸೆಲ್‌ಗಳಿಗೆ ಹಸಿರು, ಕಾಲು ಭಾಗಕ್ಕೆ ಕೆಂಪು, ಕಾಲು ಭಾಗಕ್ಕೆ ನೀಲಿ ಗಾಜು. ಉಳಿದೆರಡು ಬಣ್ಣವನ್ನು ಅಕ್ಕಪಕ್ಕದವನ್ನು ನೋಡಿ ಕ್ಯಾಮೆರಾ ಊಹಿಸುತ್ತದೆ.

ಜೂಮ್ ವಿಚಾರ ಮಾತ್ರ ಸೂಳೆಕೆರೆ ಏರಿಯ ಮೇಲೆ ನಿಂತೇ ಮಾತಾಡಬೇಕಾದದ್ದು. ಶಾಂತಿಸಾಗರ ಎಂದೂ ಕರೆಯುವ ಈ ಕೆರೆ ಎಷ್ಟು ವಿಶಾಲವೆಂದರೆ ಹಕ್ಕಿ ಯಾವತ್ತೂ ನಮ್ಮಿಂದ ಬೇಕಾದಷ್ಟು ದೂರ ಕೂರಬಹುದು. 300 ಮೀಟರ್ ಆಚೆ ಒಂದು ದೊಡ್ಡ ಬೆಳ್ಳಕ್ಕಿ, ಸುಮಾರು 90 ಸೆಂ.ಮೀ. ಎತ್ತರದ್ದು, ನಿಂತಿದೆ ಎನ್ನಿ. ಒಬ್ಬರ ಕೈಯಲ್ಲಿ ನಿಕಾನ್ ಪಿ1000. 2018ರಲ್ಲಿ ಬಂದ ಈ ಕ್ಯಾಮೆರಾದ ಹೆಗ್ಗಳಿಕೆ 125 ಎಕ್ಸ್ ಜೂಮ್, "3000 ಮಿ.ಮೀ." ಲೆನ್ಸಿನ ಮೇಲೆ ಬರೆದಿರುವ ನಿಜವಾದ ಉದ್ದ 4.3ರಿಂದ 539 ಮಿ.ಮೀ., ಎಫ್ ಸಂಖ್ಯೆ 2.8ರಿಂದ 8. ಇನ್ನೊಬ್ಬರ ಕೈಯಲ್ಲಿ ಅದಕ್ಕಿಂತ ಬಹಳ ದೊಡ್ಡದಾದ, ಎಪಿಎಸ್-ಸಿ ಅಳತೆಯ ಸೆನ್ಸರಿನ ಕ್ಯಾಮೆರಾ, ಅದಕ್ಕೆ 400 ಮಿ.ಮೀ. ಎಫ್/5.6 ಲೆನ್ಸು. ಪೂರ್ತಿ ಜೂಮ್ ಮಾಡಿದರೆ ಪಿ1000ರಲ್ಲಿ ಬೆಳ್ಳಕ್ಕಿ 1,200 ಪಿಕ್ಸೆಲ್ ಎತ್ತರ ನಿಲ್ಲುತ್ತದೆ. ಎರಡನೆಯದರಲ್ಲಿ ಬರೀ 300.

ಹಾಗಾದರೆ ಮೊದಲನೆಯದರಲ್ಲಿ ನಾಲ್ಕು ಪಟ್ಟು ವಿವರ ಸಿಕ್ಕಿತೆ? ಇಲ್ಲ. ಬೆಳಕು ಅಲೆಯೂ ಹೌದು. ಕಿಂಡಿಯೊಂದನ್ನು ದಾಟುವಾಗ ಅದು ಸ್ವಲ್ಪ ಹರಡುತ್ತದೆ. ಹಾಗಾಗಿ ಒಂದು ಚುಕ್ಕಿಯ ಬಿಂಬ ಚುಕ್ಕಿಯಾಗಿ ಉಳಿಯದೆ ಸಣ್ಣ ಬಿಲ್ಲೆಯಾಗುತ್ತದೆ. ಎಫ್/8ರಲ್ಲಿ ಆ ಬಿಲ್ಲೆಯ ಅಗಲ ಸುಮಾರು 10.7 ಮೈಕ್ರಾನ್. ಪಿ1000ರ ಪಿಕ್ಸೆಲ್ ಅಗಲ 1.3 ಮೈಕ್ರಾನ್. ಒಂದೊಂದು ಚುಕ್ಕಿಯೂ ಎಂಟು ಪಿಕ್ಸೆಲ್ ಅಗಲಕ್ಕೆ ಹರಡಿ ಕೂತಿದೆ. 1,200 ಪಿಕ್ಸೆಲ್ ಇದ್ದರೂ ಬಿಡಿಸಿ ಕಾಣುವ ವಿವರ 300ರಷ್ಟೆ. ಈಗ ನಮ್ಮ ಭಾಗಾಕಾರ ಮಾಡಿ: 539 ಭಾಗಿಸು 8, ಸುಮಾರು 67 ಮಿ.ಮೀ. 400 ಭಾಗಿಸು 5.6, ಸುಮಾರು 71 ಮಿ.ಮೀ. ಎರಡು ಕಿಂಡಿಗಳೂ ಹೆಚ್ಚುಕಮ್ಮಿ ಒಂದೇ. ಅದಕ್ಕೇ ವಿವರವೂ ಹೆಚ್ಚುಕಮ್ಮಿ ಒಂದೇ, ಆ ಹಕ್ಕಿಯಿಂದ ಬರುವ ಫೋಟಾನುಗಳೂ ಹೆಚ್ಚುಕಮ್ಮಿ ಅಷ್ಟೇ. 3000 ಎಂಬ ಸಂಖ್ಯೆ ನೋಡಿ ಮರುಳಾಗುವವರಿಗೂ, ಪುಟ್ಟ ಸೆನ್ಸರ್ ಎಂದು ಮೂಗು ಮುರಿಯುವವರಿಗೂ ಇದು ಒಂದೇ ಉತ್ತರ. ಕದಲದೆ ನಿಂತ ಹಕ್ಕಿಗೆ ಅಗ್ಗದ್ದೂ ಸಾಕು. ಹಕ್ಕಿ ರೆಕ್ಕೆ ಬಿಚ್ಚಿದ ಕ್ಷಣ ಆಟ ಬೇರೆ: ಆಗ ಬೇಕಾಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಫೋಕಸ್ ಹಿಡಿಯುವ ಜಾಣ್ಮೆ, 1/1000 ಸೆಕೆಂಡಿಗಿಂತ ಚುರುಕಾದ ಶಟರ್. ಅದರಲ್ಲಿ ದೊಡ್ಡ ಕ್ಯಾಮೆರಾ ಬಹಳ ಮುಂದು.

ಇದೇ ಲೆಕ್ಕದ ಇನ್ನೊಂದು ಮುಖ ನನಗೆ ಹೆಚ್ಚು ಇಷ್ಟ. ಕಿಂಡಿಯನ್ನು ಮೂರು ಪಟ್ಟು ಅಗಲ ಮಾಡುವುದೂ, ಹಕ್ಕಿಯಿಂದ 300 ಮೀಟರ್ ದೂರವಿದ್ದವರು 100 ಮೀಟರಿಗೆ ಬರುವುದೂ ವಿವರದ ಲೆಕ್ಕದಲ್ಲಿ ಒಂದೇ. ಮೊದಲನೆಯದಕ್ಕೆ ಹಲವು ಲಕ್ಷ ರೂಪಾಯಿ ಬೇಕು, ಎರಡನೆಯದಕ್ಕೆ ಮೊಣಕೈಗೆ ಕೆಸರು ಮೆತ್ತಿಕೊಂಡರಾಯಿತು. ಜೊತೆಗೆ ನಡುವಿನ ಗಾಳಿಯೂ ಕಡಿಮೆಯಾಗುತ್ತದೆ. ಹತ್ತು ಗಂಟೆಯ ಬಿಸಿಲಿಗೆ ನೀರಿನ ಮೇಲೆ ಗಾಳಿ ಕುಣಿಯಲು ಶುರುವಾದರೆ ಯಾವ ಲೆನ್ಸೂ ಏನೂ ಮಾಡಲಾರದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ಹಿರಿಯರು ಫಿಲ್ಮ್ ಕಾಲದಲ್ಲಿ ಕನ್ನಡ ನಾಡಿನ ಕಾಡುಪ್ರಾಣಿ, ಹಕ್ಕಿಗಳ ಚಿತ್ರಕ್ಕೆ ಹೆಸರು ತಂದದ್ದು ಇಂದಿನ ಜೂಮ್ ಇಲ್ಲದೆ. ಮರೆ ಕಟ್ಟಿಕೊಂಡು ಕಾಯುವುದು ಆ ತಲೆಮಾರಿನ ರೂಢಿ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರೂ ಹಕ್ಕಿಯ ಬೆನ್ನು ಹತ್ತಿದ್ದು ಹೀಗೆ ಅದರ ದಿನಚರಿ ಓದಿಕೊಂಡೇ.

ಈಗ ಸಂಜೆ ಆರೂವರೆಗೆ ಸಂತೇಬೆನ್ನೂರಿನ ಪುಷ್ಕರಣಿಗೆ ಬನ್ನಿ. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಕೊಳ, ನಡುವೆ ವಸಂತ ಮಂಟಪ. ಅಗಲವಾದ ನೋಟ ಬೇಕೆಂದು ಪಿ1000ರ ಜೂಮ್ ಪೂರ್ತಿ ಹಿಂದಕ್ಕೆ ತನ್ನಿ. 4.3 ಭಾಗಿಸು 2.8: ಕಿಂಡಿ ಒಂದೂವರೆ ಮಿಲಿಮೀಟರ್! ಜೇಬಿನಲ್ಲಿರುವ ಫೋನಿನ ಮುಖ್ಯ ಕ್ಯಾಮೆರಾಕ್ಕೆ ಸಾಮಾನ್ಯವಾಗಿ 3 ಮಿ.ಮೀ. ಕಿಂಡಿ ಇರುತ್ತದೆ. ಒಂದೂವರೆ ಕಿಲೊ ತೂಕದ ಕ್ಯಾಮೆರಾಕ್ಕಿಂತ ಫೋನು ನಾಲ್ಕು ಪಟ್ಟು ಬೆಳಕು ಹಿಡಿಯುತ್ತಿದೆ. ಅಲ್ಲದೆ ಫೋನು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಕೂಡಿಸಿ ಸರಾಸರಿ ಮಾಡುತ್ತದೆ. ಒಂಬತ್ತು ಚಿತ್ರ ಕೂಡಿಸಿದರೆ ನಾಯ್ಸ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ದೊಡ್ಡ ಸೆನ್ಸರಿನ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇಟ್ಟರೆ ಇವೆರಡನ್ನೂ ಮೀರಿಸುತ್ತದೆ ಎನ್ನುವುದು ನಿಜ. ಆದರೆ ಕೈಯಲ್ಲಿ ಹಿಡಿದು, ಊರು ಸುತ್ತುವಾಗ, ಅಗಲ ನೋಟಕ್ಕೆ ಫೋನನ್ನು ಬೈಯಬೇಡಿ.

ಪುಷ್ಕರಣಿಯಲ್ಲಿ ಪೋಲರೈಸರ್ ಗಾಜು ಹಾಕಿ ಆಟ ಆಡಬಹುದು. ನೀರಿನ ಮೇಲ್ಮೈಯಿಂದ ಸುಮಾರು 37 ಡಿಗ್ರಿ ಕೋನದಲ್ಲಿ ಪುಟಿದು ಬರುವ ಬೆಳಕೆಲ್ಲ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಗಾಜನ್ನು ತಿರುಗಿಸಿದರೆ ಆ ಹೊಳಪು ಮಾಯವಾಗಿ ಮುಳುಗಿದ ಮೆಟ್ಟಿಲು ಕಾಣುತ್ತದೆ. ಮಂಟಪದ ಪ್ರತಿಬಿಂಬ ಬೇಕೆನ್ನುವವರು ಇದೇ ಗಾಜು ಹಾಕಿಕೊಂಡು ಹೋಗಿ, ಬಿಂಬ ಸತ್ತುಹೋಯಿತಲ್ಲ ಎಂದು ಪರದಾಡುವುದೂ ಉಂಟು.

ಅಡಿಕೆ ತೋಟದೊಳಗೆ ಬೇರೆಯೇ ಕಷ್ಟ. ನೆರಳು ಗಾಢ, ಸೋಗೆಯ ಸಂದಿಯಿಂದ ಬೀಳುವ ಬಿಸಿಲ ತುಣುಕು ಕಣ್ಣು ಕುಕ್ಕುವಷ್ಟು. ಒಂದು ಪಿಕ್ಸೆಲ್ ಹಿಡಿದಿಟ್ಟುಕೊಳ್ಳುವ ಎಲೆಕ್ಟ್ರಾನಿಗೆ ಮಿತಿಯಿದೆ. ಕೆರೆ ಕೋಡಿ ಬಿದ್ದ ಮೇಲೆ ಎಷ್ಟು ಮಳೆ ಸುರಿದರೂ ನೀರಿನ ಮಟ್ಟ ಅದನ್ನು ಹೇಳುವುದಿಲ್ಲವಲ್ಲ, ಹಾಗೆ ತುಂಬಿದ ಪಿಕ್ಸೆಲ್ ಬರೀ ಬಿಳಿ ಎನ್ನುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಅಲ್ಲಿಂದ ವಿವರ ಹೊರಡದು. ನೆರಳಿನ ಕಥೆ ಹಾಗಲ್ಲ, ಅಲ್ಲಿ ಅಷ್ಟಿಷ್ಟಾದರೂ ಲೆಕ್ಕ ಉಳಿದಿರುತ್ತದೆ. ಆದ್ದರಿಂದ ತೋಟದಲ್ಲಿ ಬಿಸಿಲ ತುಣುಕು ಸುಡದಂತೆ ಎಕ್ಸ್‌ಪೋಶರ್ ಇಳಿಸಿ, ರಾ ಫೈಲಿನಲ್ಲಿ ತೆಗೆದು, ನೆರಳನ್ನು ಆಮೇಲೆ ಎತ್ತುವುದು ಒಳ್ಳೆಯದು. 14 ಬಿಟ್ ರಾ ಫೈಲಿನಲ್ಲಿ ಕಪ್ಪಿನಿಂದ ಬಿಳಿಗೆ 16,384 ಮೆಟ್ಟಿಲು, ಜೆಪೆಗ್‌ನಲ್ಲಿ 256. ಎತ್ತುವಾಗ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ಕ್ಯಾಮೆರಾದ ಮೀಟರ್ ಇನ್ನೊಂದು ಮೊಂಡು ಪ್ರಾಣಿ. ತನ್ನೆದುರು ಇರುವುದೆಲ್ಲ ಸರಾಸರಿಯಲ್ಲಿ ನಡುಬೂದು ಎಂದೇ ಅದರ ನಂಬಿಕೆ. ಕಪ್ಪು ನೀರಿನ ನಡುವೆ ಬೆಳ್ಳಕ್ಕಿ ಚಿಕ್ಕದಾಗಿ ಕಂಡರೆ ಮೀಟರ್ ನೀರನ್ನು ಬೂದು ಮಾಡಲು ಹೋಗಿ ಹಕ್ಕಿಯನ್ನು ಸುಡುತ್ತದೆ. ಆಗ ಎಕ್ಸ್‌ಪೋಶರಿಗೆ ಮೈನಸ್ ಒಂದು ಕೊಡಿ. ಅದೇ ಹಕ್ಕಿ ಚೌಕಟ್ಟು ತುಂಬಿ ನಿಂತರೆ ಕೊಳೆ ಬಟ್ಟೆಯ ಬಣ್ಣಕ್ಕೆ ತರುತ್ತದೆ. ಪ್ಲಸ್ ಒಂದು ಕೊಡಿ. ಬಿಳಿ ಪಂಚೆ-ಶರ್ಟಿನ ಬೀಗರ ಸಾಲಿಗೂ ಇದೇ ಮದ್ದು.

ಜಾತ್ರೆಯ ರಾತ್ರಿ ವೀರಗಾಸೆ ಕುಣಿತ ತೆಗೆಯುವವರು ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ ಕಂಡು ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಅಗ್ಗದ ಎಲ್ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/1000 ಇದ್ದರೆ ಸೆನ್ಸರಿನ ಒಂದು ಭಾಗಕ್ಕೆ ಬೆಳಕು, ಇನ್ನೊಂದಕ್ಕೆ ಕತ್ತಲು ಸಿಗುತ್ತದೆ. 1/100 ಅಥವಾ 1/50ಕ್ಕೆ ತಂದರೆ ಪೂರ್ತಿ ಮಿಣುಕು ಒಳಗೆ ಬಂದು ಪಟ್ಟೆ ಹೋಗುತ್ತದೆ. ಹೌದು, ಕುಣಿಯುವ ಕೈ ಮಸುಕಾಗುತ್ತದೆ. ವೀರಗಾಸೆಯಲ್ಲಿ ಕೈ ಸ್ವಲ್ಪ ಮಸುಕಾದರೆ ಚೆಂದವೇ.

ಕೊಳ್ಳುವ ಮಾತಿಗೆ ಬಂದರೆ, ನನ್ನ ಒಲವು ಹಳೆಯ ಬಾಡಿ, ಒಳ್ಳೆಯ ಲೆನ್ಸಿನ ಕಡೆಗೆ. 2008ರಲ್ಲಿ ಪ್ಯಾನಾಸೋನಿಕ್ ಜಿ1ರಿಂದ ಶುರುವಾದ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಈಗ ಮಾರುಕಟ್ಟೆ ಆಳುತ್ತಿವೆ, ಕನ್ನಡಿಯಿರುವ ಹಳೆಯ ಬಗೆಯ ಡಿಎಸ್ಎಲ್ಆರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗುತ್ತಿವೆ. ಮಿರರ್‌ಲೆಸ್‌ನ ನಿಜವಾದ ಲಾಭ ಕಲಿಯುವವರಿಗೆ: ಚಿತ್ರ ಸುಡುತ್ತದೋ ಕಪ್ಪಾಗುತ್ತದೋ ಎನ್ನುವುದು ಬಟನ್ ಒತ್ತುವ ಮೊದಲೇ ವ್ಯೂಫೈಂಡರಿನಲ್ಲಿ ಕಾಣುತ್ತದೆ. ಕೈ ಬಿಗಿ ಇದ್ದರೆ ಹಳೆಯ ಡಿಎಸ್ಎಲ್ಆರ್ ಮತ್ತು 50 ಮಿ.ಮೀ. ಲೆನ್ಸಿನಿಂದ ಶುರುಮಾಡಿ. ಕೊಳ್ಳುವಾಗ ಶಟರ್ ಎಷ್ಟು ಸಲ ಬಿದ್ದಿದೆ ಕೇಳಿ; ಸಾಮಾನ್ಯ ಬಾಡಿಗಳ ಶಟರ್ ಲಕ್ಷದ ಆಸುಪಾಸಿನ ಬಾಳಿಕೆಗೆಂದು ಮಾಡಿದ್ದು. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯ ಎಳೆಗಳು ಕಂಡರೆ ಅದು ಬೂಷ್ಟು, ಹಾಗೇ ವಾಪಸ್ ಕೊಡಿ.

ಬೂಷ್ಟಿನ ಭಯ ನಮ್ಮ ಸೀಮೆಯಲ್ಲಿ ಎಲ್ಲ ಕಡೆ ಒಂದೇ ಅಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ನಾಲೆ ನೀರು, ತೋಟದ ತಂಪು, ಮಳೆಗಾಲದ ತೇವ. ಲೆನ್ಸನ್ನು ಬಟ್ಟೆ ಬೀರುವಿನಲ್ಲಿ ಚರ್ಮದ ಚೀಲದೊಳಗಿಟ್ಟು ಮರೆತರೆ ಮುಗಿಯಿತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ನೂರಕ್ಕೆ 40ರಿಂದ 50ರ ನಡುವೆ ತೋರಿಸುವ ಪುಟ್ಟ ಮೀಟರ್ ಇದ್ದರೆ ಸಾಕು. ಜಗಳೂರಿನ ಕಡೆ ಹೋದರೆ ಶತ್ರು ಬದಲಾಗುತ್ತದೆ. 2011ರಲ್ಲಿ ಕೊಂಡುಕುರಿಗಾಗಿ ಘೋಷಿಸಿದ ರಂಗಯ್ಯನದುರ್ಗ ವನ್ಯಜೀವಿಧಾಮದ ಸುತ್ತಿನದು ಕುರುಚಲು ಕಾಡು, ಒಣ ಮಣ್ಣು. ಅಲ್ಲಿ ಗಾಳಿಗೆ ಎದುರಾಗಿ ಲೆನ್ಸ್ ಬದಲಿಸಿದರೆ ಧೂಳು ನೇರ ಸೆನ್ಸರಿನ ಮೇಲೆ ಕೂರುತ್ತದೆ. ಬದಲಿಸಲೇಬೇಕಿದ್ದರೆ ಬಾಡಿಯ ಬಾಯಿ ಕೆಳಮುಖ ಮಾಡಿ, ಗಾಳಿಗೆ ಬೆನ್ನು ಕೊಟ್ಟು ಬದಲಿಸಿ. ಮನೆಗೆ ಬಂದು ಎಫ್/16ಕ್ಕೆ ಇಟ್ಟು ಖಾಲಿ ಆಕಾಶದ ಒಂದು ಚಿತ್ರ ತೆಗೆದು ನೋಡಿ. ಧೂಳಿದ್ದರೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಬೇಡಿ, ಎಂಜಲು ಹನಿ ಬಿದ್ದರೆ ಧೂಳಿಗಿಂತ ಕಷ್ಟ.