ಅರವತ್ತರ ಮೇಲೆ ಪ್ರಮಾಣವಚನ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಹುಟ್ಟಿದ ತಾರೀಖು ಕಂಡರೆ ಕೈ ಸುಮ್ಮನಿರುವುದಿಲ್ಲ. ಮೊನ್ನೆ ಮೊಮ್ಮಗನ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ನಮ್ಮ ಪ್ರಧಾನಮಂತ್ರಿಗಳ ಪಟ್ಟಿ ಸಿಕ್ಕಿತು. ಅಧಿಕಾರ ವಹಿಸಿಕೊಂಡ ದಿನ ಯಾರಿಗೆ ಎಷ್ಟು ವಯಸ್ಸು ಎಂದು ಪೆನ್ಸಿಲ್ ಹಿಡಿದು ಕೂತೆ.

ಮಕ್ಕಳೇ, ಇಸವಿಯಲ್ಲಿ ಇಸವಿ ಕಳೆದರೆ ಸಾಲದು. ಆ ವರ್ಷದ ಹುಟ್ಟುಹಬ್ಬ ಆಗಿಹೋಗಿತ್ತೇ ಎಂದೂ ನೋಡಬೇಕು. ಪಿ.ವಿ. ನರಸಿಂಹರಾವ್ ಹುಟ್ಟಿದ್ದು 1921ರ ಜೂನ್ 28ರಂದು, ಪ್ರಧಾನಿಯಾದದ್ದು 1991ರ ಜೂನ್ 21ರಂದು. ಕಳೆದರೆ 70 ಬರುತ್ತದೆ. ಆದರೆ ಹುಟ್ಟುಹಬ್ಬಕ್ಕೆ ಇನ್ನೂ ಒಂದು ವಾರವಿತ್ತು, ಆದ್ದರಿಂದ 69. ನಮ್ಮ ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು 1933ರ ಮೇ 18ರಂದು ಹುಟ್ಟಿದವರು. 1996ರ ಜೂನ್ 1ರಂದು ಪ್ರಮಾಣವಚನ ಸ್ವೀಕರಿಸಿದಾಗ 63 ತುಂಬಿ ಎರಡೇ ವಾರವಾಗಿತ್ತು.

ಎಲ್ಲರಿಗಿಂತ ಹಿರಿಯರು ಮೊರಾರ್ಜಿ ದೇಸಾಯಿ. 1977ರ ಮಾರ್ಚ್‌ನಲ್ಲಿ ಪ್ರಧಾನಿಯಾದಾಗ ಅವರಿಗೆ 81. ಇವರ ಲೆಕ್ಕವೇ ತಮಾಷೆಯದು. ಹುಟ್ಟಿದ್ದು 1896ರ ಫೆಬ್ರವರಿ 29ರಂದು! ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ ಅದು. ಸಾಲದ್ದಕ್ಕೆ 1900 ಅಧಿಕ ವರ್ಷವಲ್ಲ; ನೂರರಿಂದ ಭಾಗವಾಗುವ ಇಸವಿ 400ರಿಂದಲೂ ಭಾಗವಾಗಬೇಕು. ಹಾಗಾಗಿ ಅವರ ಹುಟ್ಟಿದ ತಾರೀಖು ಮತ್ತೆ ಬಂದದ್ದು 1904ರಲ್ಲಿ, ಎಂಟು ವರ್ಷ ತುಂಬಿದಾಗ. ಪ್ರಧಾನಿಯಾಗುವ ಹೊತ್ತಿಗೆ ಅದು ಬಂದಿದ್ದದ್ದು 19 ಸಲ ಮಾತ್ರ. ಅದರಲ್ಲಿ 1968ರ ಹುಟ್ಟುಹಬ್ಬದಂದು ಅವರು ಹಣಕಾಸು ಮಂತ್ರಿಯಾಗಿ ಲೋಕಸಭೆಯಲ್ಲಿ ಬಜೆಟ್ ಮಂಡಿಸುತ್ತಿದ್ದರು. 1979ರಲ್ಲಿ ಅವರ ಸರ್ಕಾರ ಬಿದ್ದದ್ದು ಮುಪ್ಪಿನಿಂದಲ್ಲ, ಪಕ್ಷ ಒಡೆದು. ಅವರು 99 ವರ್ಷ ಬದುಕಿದರು. 59ಕ್ಕೇ ಪ್ರಧಾನಿಯಾದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 61ಕ್ಕೆ ತಾಷ್ಕೆಂಟ್‌ನಲ್ಲಿ ತೀರಿಕೊಂಡರು.

ನಾನಾದರೋ 60 ತುಂಬಿದ ತಿಂಗಳ ಕೊನೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವನು. ಕಣ್ಣು ಕೈ ಎಲ್ಲ ನೆಟ್ಟಗಿದ್ದವು, ಆದರೆ ನಿಯಮ ನಿಯಮವೇ. ಈ ಪಟ್ಟಿಯಲ್ಲಿ ಹಂಗಾಮಿಯಾಗಿದ್ದ ಗುಲ್ಜಾರಿಲಾಲ್ ನಂದಾ ಅವರನ್ನು ಬಿಟ್ಟರೆ ಇದುವರೆಗೆ 14 ಮಂದಿ. ಅವರಲ್ಲಿ ಒಂಬತ್ತು ಮಂದಿ ಮೊದಲ ಸಲ ಪ್ರಮಾಣವಚನ ಸ್ವೀಕರಿಸಿದ್ದು 60 ದಾಟಿದ ಮೇಲೆ!

ಸಂವಿಧಾನ ಕೆಳಗಿನ ಗೆರೆಯನ್ನಷ್ಟೇ ಎಳೆದಿದೆ. ಲೋಕಸಭೆಗೆ 25, ರಾಜ್ಯಸಭೆಗೆ 30, ರಾಷ್ಟ್ರಪತಿಗೆ 35 ತುಂಬಿರಬೇಕು. ಇಷ್ಟಕ್ಕಿಂತ ಹೆಚ್ಚಿರಬಾರದು ಎಂಬ ಮಾತಿಲ್ಲ. ಬೆಳಗಿನ ವಾಕಿಂಗ್‌ನಲ್ಲಿ ನನ್ನ ಗೆಳೆಯರು 75ಕ್ಕೆ ಗೆರೆ ಎಳೆಯಬೇಕು ಎನ್ನುತ್ತಾರೆ (ಅವರೆಲ್ಲ ಅದನ್ನು ದಾಟಿದವರೇ). ನನಗೆ ಒಪ್ಪಿಗೆಯಿಲ್ಲ. ಗುಮಾಸ್ತನನ್ನು ಜನ ಓಟು ಹಾಕಿ ಕಳಿಸಲಾಗದು, ಅದಕ್ಕೇ ಅವನಿಗೊಂದು ತಾರೀಖು ಬೇಕು. ನಾಯಕರಿಗೆ ಚುನಾವಣೆ ಇದೆ.

ಅತಿ ಕಿರಿಯ ಪ್ರಧಾನಿಯ ಕಥೆಯನ್ನೇ ನೋಡಿ. 1984ರ ಅಕ್ಟೋಬರ್ 31ರಂದು ತಾಯಿ ಇಂದಿರಾ ಗಾಂಧಿಯವರ ಹತ್ಯೆಯಾದ ದಿನವೇ ರಾಜೀವ್ ಗಾಂಧಿ ಪ್ರಧಾನಿಯಾದರು. ಆಗ ಅವರಿಗೆ ಬರೀ 40. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಅವರ ಸರ್ಕಾರದಲ್ಲಿ. ಅದು ಜಾರಿಗೆ ಬಂದದ್ದು 1989ರ ಮಾರ್ಚ್‌ನಲ್ಲಿ. ಅದೇ ವರ್ಷದ ಕೊನೆಗೆ ಆ ಹೊಸ ಮತದಾರರೂ ಸೇರಿ ಲೋಕಸಭೆಗೆ ಮತ ಹಾಕಿದರು. ರಾಜೀವರ ಪಕ್ಷ ಬಹುಮತ ಕಳೆದುಕೊಂಡಿತು.

ಈಗ ನಿಮಗೊಂದು ಲೆಕ್ಕ. ಐ.ಕೆ. ಗುಜ್ರಾಲ್ ಹುಟ್ಟಿದ್ದು 1919ರ ಡಿಸೆಂಬರ್ 4ರಂದು, ಪ್ರಧಾನಿಯಾದದ್ದು 1997ರ ಏಪ್ರಿಲ್ 21ರಂದು. ಉತ್ತರವನ್ನು ಮೊದಲು ಅಜ್ಜಿಗೆ ಹೇಳಬೇಡಿ. ಅವರು 78 ಎನ್ನುತ್ತಾರೋ 77 ಎನ್ನುತ್ತಾರೋ ನೋಡಿ.